ಸುತ್ತುವ ಧ್ಯಾನ, ಸುತ್ತುವ ತಲೆ



ಕಳೆದ ಮಾಘಮಾಸದ ಒಂದು ಸಂಜೆ ಯಲಹಂಕ ಉಪನಗರದ ನನ್ನ ಚಿಕಿತ್ಸಾಲಯಕ್ಕೆ ತಾಯಿ ಮತ್ತು ಮಗಳು ಬಂದರು. ತಾಯಿಗೆ ಅರವತ್ತೆರಡರ ಪ್ರಾಯ. ಇಷ್ಟಲಿಂಗ ಪೂಜೆಯಾಗದೆ ತೊಟ್ಟು ನೀರನ್ನೂ ಮುಟ್ಟದ ನಿಷ್ಠಾವಂತೆ. ಮಗಳು ನಾಗವಾರದ ಕಡೆಯ ಒಂದು ಸಾಫ್ಟ್‌ವೇರ್ ಸಂಸ್ಥೆಯಲ್ಲಿ ಉದ್ಯೋಗದಲ್ಲಿರುವವಳು. ಕುಳಿತುಕೊಳ್ಳುವ ಮೊದಲೇ ತಾಯಿ ಮಾತು ತೆಗೆದರು: “ಡಾಕ್ಟರೇ, ನೀವಾದರೂ ಇವಳಿಗೆ ಬುದ್ಧಿ ಹೇಳಿ. ರಾತ್ರಿ ಬಾಗಿಲು ಹಾಕಿಕೊಂಡು ಬುಗುರಿಯ ಹಾಗೆ ಸುತ್ತುತ್ತಾಳೆ. ಅದೇನೋ ಫಕೀರರ ಧ್ಯಾನವಂತೆ. ಎಲ್ಲಿ ಬಿದ್ದು ತಲೆ ಒಡೆದುಕೊಳ್ಳುತ್ತಾಳೋ ಎಂದು ನನಗೆ ನಿದ್ದೆಯಿಲ್ಲ.”

ಮಗಳು ಮೆಲುದನಿಯಲ್ಲಿ ಹೇಳಿದಳು: “ಅಪ್ಪ ಲಿಂಗೈಕ್ಯರಾದ ಮೇಲೆ ನನಗೂ ನಿದ್ದೆ ಇರಲಿಲ್ಲ ಡಾಕ್ಟರ್. ಕಣ್ಣು ಮುಚ್ಚಿ ಕುಳಿತರೆ ಆಸ್ಪತ್ರೆಯ ದಿನಗಳೇ ಎದುರಿಗೆ ಬರುತ್ತಿದ್ದವು. ಗೆಳತಿಯೊಬ್ಬಳು ಈ ಅಭ್ಯಾಸಕ್ಕೆ ಕರೆದುಕೊಂಡು ಹೋದಳು. ಸುತ್ತುವಾಗ ಮಾತ್ರ ಮನಸ್ಸು ಸುಮ್ಮನಿರುತ್ತದೆ. ಆಮೇಲೆ ನಿದ್ದೆ ಬರುತ್ತದೆ.”

ನಾಡಿ ನೋಡಿದೆ, ರಕ್ತದೊತ್ತಡ ನೋಡಿದೆ. ಪಾದಗಳನ್ನು ಜೋಡಿಸಿ ಕಣ್ಣು ಮುಚ್ಚಿ ನಿಲ್ಲುವಂತೆ ಹೇಳಿದೆ, ಗರುಡಗಂಬದಂತೆ ನಿಂತಳು. ನೇರ ಗೆರೆಯ ಮೇಲೆ ನಡೆಸಿದೆ, ಹೆಜ್ಜೆ ತಪ್ಪಲಿಲ್ಲ. ದೇಹದಲ್ಲಿ ದೋಷವೇನೂ ಕಾಣಲಿಲ್ಲ. ಅವರು ಹೊರಡಲು ಎದ್ದಾಗ ತಾಯಿ ಒಂದು ಕ್ಷಣ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡರು. ಅದನ್ನು ನಾನು ಕಂಡೆ. ಕಂಡರೂ ಅದರ ಅರ್ಥ ಆ ದಿನ ನನಗೆ ಹೊಳೆಯಲಿಲ್ಲ. ಅದರ ಮಾತು ಮುಂದೆ ಬರುತ್ತದೆ.

ತನಗೆ ತಿಳಿಯದ ವಿಷಯದಲ್ಲಿ ಬುದ್ಧಿ ಹೇಳುವುದು ವೈದ್ಯಧರ್ಮವಲ್ಲ. ಹದಿನೈದು ದಿನ ಕಾಲಾವಕಾಶ ಕೇಳಿದೆ. ಆ ಅವಧಿಯಲ್ಲಿ ಓದಿ ತಿಳಿದುದನ್ನೂ ಆ ಮನೆಯಿಂದಲೇ ನಾನು ಕಲಿತ ಪಾಠವನ್ನೂ ಈ ಸಂಚಿಕೆಯಲ್ಲಿ ತಮ್ಮ ಮುಂದಿಡುತ್ತಿದ್ದೇನೆ.

ಸುತ್ತುವ ಸಾಧನೆಯ ಮೂಲ

ಸುತ್ತುವುದನ್ನೇ ಧ್ಯಾನವಾಗಿಸಿಕೊಂಡ ಪ್ರಸಿದ್ಧ ಪರಂಪರೆ ತುರ್ಕಿಯ ಕೊನ್ಯಾ ಪಟ್ಟಣದ್ದು. 1207ರಲ್ಲಿ ಜನಿಸಿದ ಸೂಫಿ ಕವಿ ಜಲಾಲುದ್ದೀನ್ ರೂಮಿ ಬಾಳಿ, 1273ರ ಡಿಸೆಂಬರ್ 17ರಂದು ದೇಹ ಬಿಟ್ಟದ್ದು ಅಲ್ಲಿಯೇ. ಅಕ್ಕಸಾಲಿಗರ ಬೀದಿಯಲ್ಲಿ ಚಿನ್ನ ಬಡಿಯುವ ಸುತ್ತಿಗೆಯ ಲಯ ಕಿವಿಗೆ ಬಿದ್ದು ರೂಮಿ ಅಲ್ಲಿಯೇ ಸುತ್ತತೊಡಗಿದರೆಂಬುದು ಅವರ ಪರಂಪರೆಯ ಪ್ರಸಿದ್ಧ ಕಥೆ. ಅವರ ಮಗ ಸುಲ್ತಾನ್ ವಲದ್ ಕಾಲದಿಂದ ಈ ಸಾಧನೆಗೆ ಕ್ರಮವೂ ಪಂಥವೂ ಏರ್ಪಟ್ಟವು. ಅದಕ್ಕೆ ಮೌಲವಿ ಅಥವಾ ಮೆವ್ಲೆವಿ ಪಂಥವೆಂದು ಹೆಸರು. ಸುತ್ತುವ ವಿಧಿಗೆ ‘ಸಮಾ’ ಎನ್ನುತ್ತಾರೆ. ಆ ಪದದ ಮೂಲಾರ್ಥ ‘ಆಲಿಸುವುದು’.

ಸಾಧಕನ ಎತ್ತರದ ಟೋಪಿ ಅಹಂಕಾರದ ಗೋರಿಕಲ್ಲಿನ ಸಂಕೇತ, ಬಿಳಿಯ ನಿಲುವಂಗಿ ಅದರ ಶವವಸ್ತ್ರ. ಮೇಲೆ ಹೊದೆದ ಕಪ್ಪು ಬಟ್ಟೆಯನ್ನು ಕಳಚಿಟ್ಟು, ಎದೆಯ ಮೇಲೆ ಕೈಕಟ್ಟಿ ಗುರುವಿಗೆ ವಂದಿಸಿ ಸುತ್ತಲು ತೊಡಗುತ್ತಾನೆ. ಎಡಪಾದವೇ ಅಚ್ಚು, ಬಲಪಾದ ದೇಹವನ್ನು ಎಡಕ್ಕೆ, ಅಂದರೆ ಹೃದಯದ ಕಡೆಗೆ ತಿರುಗಿಸುತ್ತದೆ. ಬಲ ಅಂಗೈ ಆಕಾಶವನ್ನು ನೋಡುತ್ತದೆ, ಎಡ ಅಂಗೈ ಭೂಮಿಯನ್ನು ನೋಡುತ್ತದೆ. ಮೇಲಿನಿಂದ ಬಂದದ್ದನ್ನು ತನ್ನದೆಂದು ಇಟ್ಟುಕೊಳ್ಳದೆ ಕೆಳಗಿನವರಿಗೆ ದಾಟಿಸಬೇಕೆಂಬುದು ಅದರ ಭಾವ. ದಾಸೋಹವನ್ನು ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಂದೆ ಈ ಪಂಥಕ್ಕೆ ಸೇರಬಯಸಿದವನು 1001 ದಿನಗಳ ಸೇವೆ ಸಲ್ಲಿಸಬೇಕಾಗಿತ್ತು. ಆ ಸೇವೆಯ ಕೇಂದ್ರ ಮಠದ ಅಡುಗೆಮನೆ. ಸುತ್ತುವಿಕೆಯನ್ನು ಹಲಗೆಯ ಮೇಲೆ ಕಲಿಸುತ್ತಿದ್ದರು. ಹಲಗೆಗೆ ಹೊಡೆದ ಮೊಳೆಯನ್ನು ಎಡಗಾಲ ಬೆರಳುಗಳ ಸಂದಿಯಲ್ಲಿ ಹಿಡಿದು, ಪಾದ ಕದಲದಂತೆ ತಿರುಗುವುದು ಮೊದಲ ಪಾಠ. ವಾರಾಂತ್ಯದ ಎರಡು ಗಂಟೆಗಳಲ್ಲಿ ಮುಗಿಯುವ ವಿದ್ಯೆ ಇದಲ್ಲವೆಂಬುದನ್ನು ಇಂದಿನ ಉತ್ಸಾಹಿಗಳು ಗಮನಿಸಬೇಕು.

1925ರಲ್ಲಿ ತುರ್ಕಿಯ ಸರ್ಕಾರ ಸೂಫಿ ಪಂಥಗಳನ್ನು ನಿಷೇಧಿಸಿತು. 1950ರ ದಶಕದಲ್ಲಿ ಸಾಂಸ್ಕೃತಿಕ ಪ್ರದರ್ಶನದ ರೂಪದಲ್ಲಿ ಸಮಾ ಮತ್ತೆ ಕಾಣಿಸಿಕೊಂಡಿತು. 2008ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ರೂಮಿಯ ನಿಧನದ ದಿನವನ್ನು ಅವರು ಶೋಕದಿನವೆನ್ನದೆ ‘ಮದುವೆಯ ರಾತ್ರಿ’ ಎನ್ನುತ್ತಾರೆ. ‘ಶರಣಸತಿ ಲಿಂಗಪತಿ’ ಭಾವವನ್ನು ಬಲ್ಲವರಿಗೆ, ಮರಣವನ್ನು ಲಿಂಗೈಕ್ಯವೆನ್ನುವವರಿಗೆ ಈ ಮಾತು ಅಪರಿಚಿತವೆನಿಸದು. ಎರಡು ಮಾರ್ಗಗಳೂ ಒಂದೇ ಎಂದು ನಾನು ಹೇಳುತ್ತಿಲ್ಲ. ಅವುಗಳ ತತ್ತ್ವವೂ ಆಚಾರವೂ ಬೇರೆ ಬೇರೆ. ಆದರೆ ಪಕ್ಕದ ಮನೆಯವರ ಅಳಲೂ ಹಂಬಲವೂ ನಮಗೆ ಅರ್ಥವಾಗುವುದಕ್ಕೆ ಗೋಡೆ ಅಡ್ಡಿಯಾಗಬೇಕಾಗಿಲ್ಲ.

ನಮ್ಮ ನಾಡಿನ ತಿರುಗು ಕಲ್ಲು

ಸೂಫಿಗಳು ಕನ್ನಡನಾಡಿಗೆ ಹೊಸಬರಲ್ಲ. 1422ರಲ್ಲಿ ದೇಹ ಬಿಟ್ಟ ಬಂದೇನವಾಜರ ದರ್ಗಾ ಕಲಬುರಗಿಯಲ್ಲಿದೆ. ಅವರ ಚಿಶ್ತಿ ಪರಂಪರೆಯಲ್ಲಿಯೂ ಸಮಾ ಉಂಟು; ಆದರೆ ಅಲ್ಲಿ ಗಾಯನವನ್ನು ಆಲಿಸುವುದೇ ಪ್ರಧಾನ, ಕ್ರಮಬದ್ಧವಾಗಿ ಸುತ್ತುವುದಲ್ಲ. ನಮ್ಮ ಬೆಂಗಳೂರಿನ ಕರಗದ ಮೆರವಣಿಗೆ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗುವ ಪದ್ಧತಿ ಇಂದಿಗೂ ಇದೆ. ಗೋವಿಂದಭಟ್ಟರ ಶಿಷ್ಯರಾದ ಶಿಶುನಾಳ ಷರೀಫರು (1819-1889) ನಮ್ಮ ಮನೆಮನೆಯ ಕವಿ.

ಓದುವಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ವಿಜಯಪುರದ ಸೂಫಿಗಳ ಸಂಗತಿ. ಆದಿಲ್‌ಶಾಹಿ ಕಾಲದ ಆ ಸೂಫಿಗಳ ಪರಂಪರೆಯಲ್ಲಿ ದಖನಿ ಭಾಷೆಯ ‘ಚಕ್ಕಿನಾಮಾ’, ‘ಚರ್ಖಾನಾಮಾ’ ಎಂಬ ಹಾಡುಗಳು ಹುಟ್ಟಿದವು. ಚಕ್ಕಿ ಎಂದರೆ ಬೀಸುವ ಕಲ್ಲು, ಚರ್ಖಾ ಎಂದರೆ ರಾಟೆ. ಮನೆಯ ಹೆಂಗಸರು ಹಿಟ್ಟು ಬೀಸುತ್ತ, ನೂಲು ತೆಗೆಯುತ್ತ ಹಾಡಿಕೊಳ್ಳಲೆಂದು, ಕಲ್ಲು ತಿರುಗಿದಂತೆಲ್ಲ ದೇವರ ನೆನಹು ಒದಗಲೆಂದು ಅವು ರಚಿತವಾದವು. ಕೊನ್ಯಾದಲ್ಲಿ ಸಾಧಕ ತಾನೇ ತಿರುಗಿದ. ವಿಜಯಪುರದಲ್ಲಿ ಹೆಣ್ಣುಮಗಳು ಕುಳಿತಲ್ಲಿಯೇ ಕಲ್ಲನ್ನು ತಿರುಗಿಸಿದಳು. ಎರಡರಲ್ಲಿಯೂ ನಡುವಿನ ಗೂಟ ಕದಲುವುದಿಲ್ಲ.

ಇದಕ್ಕಿಂತ ಬಹಳ ಹಿಂದೆ, ಹನ್ನೆರಡನೆಯ ಶತಮಾನದ ಶರಣರ ಸಮೂಹದಲ್ಲಿ, ನೂಲುವ ಕಾಯಕದ ಕದಿರ ರೆಮ್ಮವ್ವೆ ತನ್ನ ರಾಟೆಯ ಅಂಗಾಂಗಗಳಲ್ಲಿಯೇ ತತ್ತ್ವವನ್ನು ಕಂಡು ವಚನ ನುಡಿದಳು. ಕೊಟ್ಟಣ ಕುಟ್ಟುವ ಕಾಯಕದಲ್ಲಿ ಸೋಮವ್ವೆ ಶಿವನನ್ನು ಕಂಡಳು. ನಮ್ಮ ಜಾತ್ರೆಗಳಲ್ಲಿ ಸಂಬಾಳ, ಕರಡೆಗಳ ನಾದಕ್ಕೆ ವೀರಗಾಸೆಯವರು ಖಡ್ಗ ಹಿಡಿದು ಗಿರ್ರನೆ ತಿರುಗುವುದನ್ನು ಕಂಡು ಬೆಳೆದವರು ನಾವು. ಗದ್ದುಗೆಯ ಸುತ್ತ ಪ್ರದಕ್ಷಿಣೆ ಹಾಕುವವರೂ ನಾವೇ. ಸುತ್ತುವುದರಿಂದ ಮನಸ್ಸು ಒಂದೆಡೆ ನಿಲ್ಲುತ್ತದೆಂಬ ಅನುಭವ ಯಾವುದೋ ದೂರದೇಶದ ಸ್ವತ್ತಲ್ಲ.

ಕಿವಿಯೊಳಗಿನ ನೀರು

ಸುತ್ತಿದರೆ ತಲೆ ತಿರುಗುವುದೇಕೆ? ಬಾಲ್ಯದಲ್ಲಿ ಅಪ್ಪಾಲೆ ತಿಪ್ಪಾಲೆ ಆಡಿ ಅಂಗಳದಲ್ಲಿ ಬಿದ್ದ ನಮಗೆಲ್ಲರಿಗೂ ಅದರ ಅನುಭವವಿದೆ. ಒಳಗಿವಿಯಲ್ಲಿ, ಪ್ರತಿ ಪಾರ್ಶ್ವದಲ್ಲಿ ಮೂರರಂತೆ, ಅರ್ಧಚಂದ್ರಾಕಾರದ ಸೂಕ್ಷ್ಮ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿರುತ್ತದೆ. ತಲೆ ತಿರುಗಲು ತೊಡಗಿದಾಗ ನಾಳ ತಿರುಗುತ್ತದೆ, ಒಳಗಿನ ದ್ರವ ಹಿಂದುಳಿಯುತ್ತದೆ. ಬಿಂದಿಗೆಯನ್ನು ಥಟ್ಟನೆ ತಿರುಗಿಸಿದರೆ ಒಳಗಿನ ನೀರು ಕೂಡಲೇ ತಿರುಗದು, ಹಾಗೆಯೇ. ಆ ವ್ಯತ್ಯಾಸವನ್ನು ಅಲ್ಲಿನ ಸೂಕ್ಷ್ಮ ರೋಮಕೋಶಗಳು ಗ್ರಹಿಸಿ ಮೆದುಳಿಗೆ ‘ತಿರುಗುತ್ತಿದ್ದೇವೆ’ ಎಂದು ತಿಳಿಸುತ್ತವೆ. ಒಂದೇ ವೇಗದಲ್ಲಿ ಕೆಲಕಾಲ ಸುತ್ತಿದರೆ ದ್ರವವೂ ನಾಳದ ವೇಗಕ್ಕೆ ಹೊಂದಿಕೊಂಡು ಸಂದೇಶ ಕ್ಷೀಣಿಸುತ್ತದೆ. ಥಟ್ಟನೆ ನಿಂತಾಗ ನಾಳ ನಿಲ್ಲುತ್ತದೆ, ದ್ರವ ನಿಲ್ಲದು. ಆಗ ದೇಹ ನಿಂತಿದ್ದರೂ ಜಗತ್ತೇ ತಿರುಗುವಂತೆ ಭಾಸವಾಗುತ್ತದೆ. ಈ ಒಳಗಿವಿಯ ವ್ಯವಸ್ಥೆಯನ್ನು ಶೋಧಿಸಿದ್ದಕ್ಕಾಗಿ ರಾಬರ್ಟ್ ಬಾರಾನಿ ಎಂಬ ವೈದ್ಯರಿಗೆ 1914ರ ನೊಬೆಲ್ ಪ್ರಶಸ್ತಿ ಸಂದಿತು. ರೋಗಿಗಳನ್ನು ತಿರುಗುವ ಕುರ್ಚಿಯಲ್ಲಿ ಕೂರಿಸಿ ಪರೀಕ್ಷಿಸುವ ವಿಧಾನ ಇಂದಿಗೂ ಅವರ ಹೆಸರಿನಲ್ಲಿದೆ.

ಹಾಗಾದರೆ ಸೂಫಿ ಸಾಧಕ ಬೀಳುವುದಿಲ್ಲವೇಕೆ? ಅವನು ನಿಧಾನವಾಗಿ ಆರಂಭಿಸುತ್ತಾನೆ, ಸಮವೇಗದಲ್ಲಿ ಸಾಗುತ್ತಾನೆ, ಹೊರಗಿನ ಯಾವ ವಸ್ತುವನ್ನೂ ಕಣ್ಣು ಬೆನ್ನಟ್ಟದಂತೆ ದೃಷ್ಟಿಯನ್ನು ಸಡಿಲಬಿಡುತ್ತಾನೆ. ಕೆಲವು ಶಿಕ್ಷಕರು ಎಡಗೈಯ ಹೆಬ್ಬೆರಳಿನ ಕಡೆಗೆ ನೋಟವನ್ನು ನಿಲ್ಲಿಸಲು ಕಲಿಸುತ್ತಾರೆ. ಕೈಯೂ ದೇಹದೊಡನೆಯೇ ತಿರುಗುವುದರಿಂದ ಆ ಒಂದು ಬಿಂದು ಅವನ ಪಾಲಿಗೆ ಸ್ಥಿರ. ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿಟ್ಟು ಅನಿಮಿಷ ದೃಷ್ಟಿಯಿಂದ ನೋಡುವ ನಮಗೆ, ಅಂಗೈಯ ಮೇಲೆ ನಿಂತ ನೋಟ ಮನಸ್ಸನ್ನು ಹೇಗೆ ನಿಲ್ಲಿಸುತ್ತದೆಂಬುದು ತಿಳಿದಿದೆ.

ಇದಲ್ಲದೆ ವರ್ಷಗಳ ಅಭ್ಯಾಸದಿಂದ ಮೆದುಳು ಕೂಡ ಹೊಂದಿಕೊಳ್ಳುತ್ತದೆ. 2013ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 29 ಬ್ಯಾಲೆ ನರ್ತಕಿಯರನ್ನು 20 ದೋಣಿ ಹುಟ್ಟುಹಾಕುವ ಕ್ರೀಡಾಪಟುಗಳೊಡನೆ ಹೋಲಿಸಿ ನೋಡಿದರು. ತಿರುಗು ಕುರ್ಚಿಯಲ್ಲಿ ಕೂರಿಸಿ ನಿಲ್ಲಿಸಿದಾಗ ನರ್ತಕಿಯರಿಗೆ ತಿರುಗುವ ಭ್ರಮೆ ಬೇಗನೆ ಅಡಗಿತು. ಅವರ ಕಿರುಮೆದುಳಿನಲ್ಲಿಯೂ ವ್ಯತ್ಯಾಸ ಕಂಡುಬಂತು. ಮಗಳು ನನ್ನ ಮುಂದೆ ಕಂಬದಂತೆ ನಿಂತದ್ದರಲ್ಲಿ ಪವಾಡವಿರಲಿಲ್ಲ, ಅಭ್ಯಾಸವಿತ್ತು.

ಆಯುರ್ವೇದ ಏನೆನ್ನುತ್ತದೆ?

ಆಯುರ್ವೇದದಲ್ಲಿ ತಲೆಸುತ್ತಿಗೆ ‘ಭ್ರಮ’ವೆಂದು ಹೆಸರು. ರೋಗಿ ತಾನು ಚಕ್ರದಂತೆ ತಿರುಗುತ್ತಿರುವೆನೆಂದು ಭಾವಿಸಿ ನೆಲಕ್ಕೆ ಬೀಳುವುದು ಅದರ ಲಕ್ಷಣ. ಮಾಧವ ನಿದಾನವು ರಜೋಗುಣ, ಪಿತ್ತ ಮತ್ತು ವಾತ ಇವುಗಳ ಕೂಟವನ್ನು ಅದರ ಕಾರಣವೆನ್ನುತ್ತದೆ. ಚರಕರು ವಾತದ ಎಂಬತ್ತು ವಿಕಾರಗಳಲ್ಲಿ ಭ್ರಮವನ್ನೂ ಎಣಿಸಿದ್ದಾರೆ. ದೇಹದ ದೋಷಗಳೊಡನೆ ಮನಸ್ಸಿನ ರಜಸ್ಸನ್ನೂ ಕಾರಣವಾಗಿ ಹೇಳಿರುವುದನ್ನು ಗಮನಿಸಬೇಕು. ಕಳವಳಗೊಂಡ ಮನಸ್ಸು ತಲೆಸುತ್ತನ್ನು ಹೆಚ್ಚಿಸುತ್ತದೆ; ತಲೆಸುತ್ತು ಕಳವಳವನ್ನು ಹೆಚ್ಚಿಸುತ್ತದೆ.

ಅತಿಯಾದ ಚಲನೆ, ನಿದ್ರಾಭಂಗ, ಉಪವಾಸ, ಇವು ವಾತವನ್ನು ಕೆರಳಿಸುತ್ತವೆ. ಆದ್ದರಿಂದ ಹಸಿದ ಹೊಟ್ಟೆಯಲ್ಲಿ, ದಣಿದ ದೇಹದಲ್ಲಿ, ಅಳತೆಯಿಲ್ಲದೆ ಸುತ್ತುವುದು ಶಾಸ್ತ್ರಸಮ್ಮತವಲ್ಲ. ಆದರೆ ಅಳತೆಯರಿತ ವ್ಯಾಯಾಮವನ್ನು ನಮ್ಮ ಆಚಾರ್ಯರು ದಿನಚರಿಯ ಅಂಗವೆಂದೇ ಹೇಳಿದ್ದಾರೆ. ಅದರ ಅಳತೆ ‘ಅರ್ಧಶಕ್ತಿ’. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿಯಿಂದ ಉಸಿರು ಬರತೊಡಗಿದರೆ ನಿಲ್ಲಿಸಬೇಕು. ಮಗಳಿಗೆ ಈ ಅಳತೆಯನ್ನೇ ಹೇಳಿ, ತಾಯಿಗೆ ಅಭಯವಿತ್ತು ಕಳುಹಿಸಿದೆ. ನನ್ನ ಕೆಲಸ ಮುಗಿಯಿತೆಂದುಕೊಂಡೆ.

ಬಿದ್ದವರು ಯಾರು?

ಒಂದು ತಿಂಗಳ ನಂತರ ಒಂದು ಬೆಳಿಗ್ಗೆ ಮಗಳಿಂದ ಕರೆ ಬಂತು. ನಸುಕಿನಲ್ಲಿ ಬಚ್ಚಲಿಗೆ ಹೋಗಲೆಂದು ಹಾಸಿಗೆಯಿಂದ ಎದ್ದ ತಾಯಿ ಬಾಗಿಲಿಗೆ ತಾಗಿ ಬಿದ್ದಿದ್ದರು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ, ಮಣಿಕಟ್ಟು ಊದಿತ್ತು. ಸುತ್ತುವ ಮಗಳು ನೆಟ್ಟಗಿದ್ದಳು. ಅವಳು ಬಿದ್ದಾಳೆಂದು ಹೆದರಿದ್ದ ತಾಯಿ ನೆಲಕ್ಕೆ ಬಿದ್ದಿದ್ದರು.

ಇಲ್ಲಿ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಆ ತಾಯಿ ಅದಕ್ಕೂ ಮೂರು ತಿಂಗಳ ಹಿಂದೆ ‘ಸ್ವಲ್ಪ ತಲೆಸುತ್ತು’ ಎಂದು ನನ್ನಲ್ಲಿಗೆ ಬಂದಿದ್ದರು. ಪಿತ್ತವೆಂದು ಬಗೆದು ಔಷಧಿ ಕೊಟ್ಟಿದ್ದೆ. ಕೇಳಲೇಬೇಕಾಗಿದ್ದ ಒಂದು ಪ್ರಶ್ನೆಯನ್ನು ಕೇಳಿರಲಿಲ್ಲ. ಈಗ ಕೇಳಿದೆ: “ತಾಯಿ, ಈ ಸುತ್ತು ಯಾವಾಗ ಬರುತ್ತದೆ? ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗಲೋ?”

ಅವರ ಕಣ್ಣು ತುಂಬಿ ಬಂತು. ಮಗ್ಗುಲು ಬದಲಿಸುವಾಗ, ಅಟ್ಟದ ಡಬ್ಬಿ ತೆಗೆಯಲು ಮೇಲೆ ನೋಡುವಾಗ, ಎಲ್ಲಕ್ಕಿಂತ ಮಿಗಿಲಾಗಿ ಪೂಜೆಯ ಕೊನೆಗೆ ತಲೆಬಾಗಿ ಏಳುವಾಗ ಇಡೀ ಕೋಣೆ ತಿರುಗುತ್ತಿತ್ತು. ಅರ್ಧ ನಿಮಿಷ, ಬಳಿಕ ಶಾಂತ. “ಶರಣಾರ್ಥಿ ಮಾಡುವುದನ್ನೇ ಬಿಟ್ಟುಬಿಟ್ಟೆ ಡಾಕ್ಟರೇ. ಗೋಡೆಗೆ ಒರಗಿಕೊಂಡು ಪೂಜೆ ಮಾಡುತ್ತಿದ್ದೆ. ನನ್ನ ಭಕ್ತಿಯಲ್ಲೇ ಏನೋ ಕುಂದಿರಬೇಕು, ಅದಕ್ಕೇ ಲಿಂಗದ ಮುಂದೆ ಹೀಗಾಗುತ್ತಿದೆ ಅಂದುಕೊಂಡೆ. ಇವಳಿಗೆ ಹೇಳಿದರೆ ಕೆಲಸ ಬಿಟ್ಟು ಮನೆಯಲ್ಲಿ ಕೂರುತ್ತಾಳೆ. ಇವಳು ಸುತ್ತುವಾಗಲೆಲ್ಲ ನನಗಾಗುವುದೇ ಇವಳಿಗೂ ಆಗುತ್ತಿದೆ ಎಂದು ಜೀವ ಬಾಯಿಗೆ ಬರುತ್ತಿತ್ತು.”

ಮಗಳು ಮಾತಿಲ್ಲದೆ ತಾಯಿಯ ಕೈ ಹಿಡಿದು ಕುಳಿತಳು.

ಬಂಧುಗಳೇ, ಇದು ಭಕ್ತಿಯ ಕುಂದಲ್ಲ, ಕಿವಿಯ ಕಲ್ಲು. ಒಳಗಿವಿಯ ಒಂದು ಭಾಗದಲ್ಲಿ ಸುಣ್ಣಾಂಶದ ಅತಿಸೂಕ್ಷ್ಮ ಹರಳುಗಳಿರುತ್ತವೆ. ವಯಸ್ಸಾದಂತೆ, ಅಥವಾ ತಲೆಗೆ ಪೆಟ್ಟಾದಾಗ, ಅವು ಸ್ಥಾನ ತಪ್ಪಿ ಅರ್ಧಚಂದ್ರ ನಾಳದೊಳಗೆ ಜಾರುತ್ತವೆ. ತಲೆಯ ಭಂಗಿ ಬದಲಾದಾಗ ಹರಳು ಉರುಳಿ ದ್ರವ ಕದಡುತ್ತದೆ. ದೇಹ ಅಲ್ಲಾಡದಿದ್ದರೂ ಮೆದುಳಿಗೆ ‘ತಿರುಗುತ್ತಿದ್ದೇವೆ’ ಎಂಬ ಸುಳ್ಳು ಸಂದೇಶ ಹೋಗುತ್ತದೆ. ಐವತ್ತು ದಾಟಿದವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಇದು ಹೆಚ್ಚು. ಇದಕ್ಕೆ ಔಷಧಿಗಿಂತ ಭಂಗಿಯ ಚಿಕಿತ್ಸೆಯೇ ಮುಖ್ಯ. ಅಮೆರಿಕದ ವೈದ್ಯ ಜಾನ್ ಎಪ್ಲಿ ರೂಪಿಸಿದ ವಿಧಾನದಲ್ಲಿ, ರೋಗಿಯನ್ನು ಮಲಗಿಸಿ ತಲೆಯನ್ನು ಕ್ರಮಕ್ರಮವಾಗಿ ತಿರುಗಿಸಿ ಹರಳನ್ನು ಸ್ವಸ್ಥಾನಕ್ಕೆ ಸೇರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ತಿರುಗುವ ರೋಗಕ್ಕೆ ತಿರುಗಿಸುವುದೇ ಮದ್ದು!

ಅವರನ್ನು ಕಿವಿ, ಮೂಗು, ಗಂಟಲು ತಜ್ಞರ ಬಳಿಗೆ ಕಳುಹಿಸಿದೆ. ಪರೀಕ್ಷೆಯಲ್ಲಿ ಬಲಗಿವಿಯ ದೋಷ ಖಚಿತವಾಯಿತು. ವಾರದ ಅಂತರದಲ್ಲಿ ಎರಡು ಬಾರಿ ಆ ಕ್ರಮ ಮಾಡಿಸಿದ ಮೇಲೆ ಸುತ್ತು ನಿಂತಿತು. ವಿಟಮಿನ್ ಡಿ ಕೊರತೆಯಿರುವವರಲ್ಲಿ ಈ ತೊಂದರೆ ಮರುಕಳಿಸುವುದು ಹೆಚ್ಚಾದ್ದರಿಂದ ಅದನ್ನೂ ಪರೀಕ್ಷಿಸಿ ಸರಿಪಡಿಸಿದೆವು. ನನ್ನ ಪಾಲಿನದು ರಾತ್ರಿ ಎಳ್ಳೆಣ್ಣೆಯ ಪಾದಾಭ್ಯಂಗ, ಹೊತ್ತಿಗೆ ಸರಿಯಾದ ಬೆಚ್ಚಗಿನ ಆಹಾರ, ನಿತ್ಯ ಅರ್ಧಗಂಟೆ ನಡಿಗೆ. ಪಾದಕ್ಕೆ ಎಣ್ಣೆ ಹಚ್ಚಿದ ಮೇಲೆ ಒರೆಸದೆ ನಡೆಯಬಾರದೆಂದು ಎಚ್ಚರಿಸುವುದನ್ನು ಮರೆಯಲಿಲ್ಲ.

ಓದುಗರು ನೆನಪಿಡಬೇಕಾದುದು

1. ತಲೆಸುತ್ತು ಬಂದರೆ ‘ಪಿತ್ತ’, ‘ಬಿಪಿ’ ಎಂದು ತಾವೇ ತೀರ್ಮಾನಿಸಬೇಡಿ. ಯಾವ ಭಂಗಿಯಲ್ಲಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದನ್ನು ಬರೆದಿಟ್ಟು ವೈದ್ಯರಿಗೆ ತಿಳಿಸಿ.

2. ತಲೆಸುತ್ತಿನೊಡನೆ ಮಾತು ತೊದಲುವುದು, ಮುಖ ಓರೆಯಾಗುವುದು, ಕೈಕಾಲು ಬಲಗುಂದುವುದು, ವಸ್ತು ಎರಡಾಗಿ ಕಾಣುವುದು, ನಡೆಯಲಾಗದಿರುವುದು, ಹಠಾತ್ತನೆ ತೀವ್ರ ತಲೆನೋವು, ಇವುಗಳಲ್ಲಿ ಒಂದಿದ್ದರೂ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅದು ಪಾರ್ಶ್ವವಾಯುವಿನ ಸೂಚನೆಯಾಗಿರಬಹುದು.

3. ವಯಸ್ಸಾದವರು ಹಾಸಿಗೆಯಿಂದ ಥಟ್ಟನೆ ಏಳಬಾರದು. ಮಗ್ಗುಲಾಗಿ, ಕುಳಿತು, ಒಂದು ನಿಮಿಷ ಲಿಂಗಸ್ಮರಣೆ ಮಾಡಿ ಎದ್ದರೆ ಕ್ಷೇಮ. ಬಚ್ಚಲಲ್ಲಿ ಹಿಡಿಗಂಬಿ, ರಾತ್ರಿ ಸಣ್ಣ ದೀಪ ಇರಲಿ.

4. ಸುತ್ತುವ ಧ್ಯಾನವನ್ನು ಕಲಿಯಬಯಸುವ ಕಿರಿಯರು ಬಲ್ಲವರಿಂದಲೇ ಕಲಿಯಲಿ. ಊಟವಾಗಿ ಎರಡು ಮೂರು ಗಂಟೆ ಕಳೆದಿರಲಿ. ಸಮತಟ್ಟಾದ ನೆಲ, ಸುತ್ತಲೂ ತೆರವು ಬೇಕು. ಎರಡು ಮೂರು ನಿಮಿಷಗಳಿಂದ ಆರಂಭಿಸಿ, ನಿಧಾನವಾಗಿ ವೇಗ ತಗ್ಗಿಸಿ ನಿಲ್ಲಿಸಿ, ನಂತರ ಕೆಲಕಾಲ ನೆಲದ ಮೇಲೆ ಮಲಗಿ ವಿಶ್ರಮಿಸಬೇಕು.

5. ಕಿವಿಯ ತೊಂದರೆ, ಅರೆತಲೆನೋವು, ಮೂರ್ಛೆರೋಗ, ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ಮೂಳೆಸವೆತ ಇರುವವರೂ ಗರ್ಭಿಣಿಯರೂ ಈ ಅಭ್ಯಾಸವನ್ನು ಮಾಡಬಾರದು. ಅರವತ್ತು ದಾಟಿದವರು ಹೊಸದಾಗಿ ತೊಡಗುವುದು ಬೇಡ. ಗದ್ದುಗೆಯ ನಿಧಾನ ಪ್ರದಕ್ಷಿಣೆಯೇ ಸಾಕು.

6. ದುಃಖದಿಂದ ನಿದ್ದೆಗೆಟ್ಟವರು ಯಾವ ಸಾಧನೆಯನ್ನೇ ಮಾಡಲಿ, ಮನೆಯವರೊಡನೆ ಮಾತನಾಡುವುದನ್ನು ಬಿಡಬಾರದು. ಅಗತ್ಯವಿದ್ದರೆ ಮನೋವೈದ್ಯರನ್ನು ಕಾಣಲು ಸಂಕೋಚಪಡಬಾರದು.

ಈ ಕೊನೆಯ ಮಾತನ್ನು ನನಗೆ ಕಲಿಸಿದ್ದು ಆ ಮನೆಯೇ. ಒಂದೇ ಸಾವಿನ ದುಃಖವನ್ನು ಇಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ ಬಾಗಿಲು ಹಾಕಿಕೊಂಡು ಅನುಭವಿಸಿದ್ದರು. ಒಬ್ಬರು ತಮಗಾಗುತ್ತಿದ್ದ ತಲೆಸುತ್ತನ್ನು ಮುಚ್ಚಿಟ್ಟರೆ, ಇನ್ನೊಬ್ಬಳು ತಾನೇಕೆ ಸುತ್ತುತ್ತಿದ್ದೇನೆಂಬುದನ್ನು ಬಿಡಿಸಿ ಹೇಳಿರಲಿಲ್ಲ.

ಯುಗಾದಿ ಕಳೆದ ಮೇಲೆ ಅವರ ಮನೆಗೆ ಹೋಗಿದ್ದೆ. ತಾಯಿ ಪೂಜೆ ಮುಗಿಸಿ ನೆಲಕ್ಕೆ ಹಣೆ ತಾಗಿಸಿ, ಯಾರ ಆಸರೆಯೂ ಇಲ್ಲದೆ ಎದ್ದು ನಿಂತರು. ಮಗಳು ಈಗ ಸುತ್ತುವಾಗ ಕೋಣೆಯ ಬಾಗಿಲು ತೆರೆದಿರುತ್ತದೆಯಂತೆ. ತಾಯಿ ಹೊಸ್ತಿಲ ಬಳಿ ಕುಳಿತು ನೋಡುತ್ತಾರಂತೆ. “ನಮ್ಮಜ್ಜಿ ರಾಗಿ ಬೀಸುವಾಗ ಕಲ್ಲಿನ ಸದ್ದಿಗೇ ನಮಗೆ ನಿದ್ದೆ ಬಂದುಬಿಡುತ್ತಿತ್ತು ಡಾಕ್ಟರೇ. ಇವಳನ್ನು ನೋಡುತ್ತ ಕೂತರೂ ಹಾಗೇ ಆಗುತ್ತದೆ” ಎಂದು ಆ ತಾಯಿ ನಕ್ಕರು.